ರಾಣಿ ಹೆತ್ಸೆನ್‌ಳ ನೀರು

ನೈಲ್ ನದಿಯ ದಡದಿಂದ ರಾಣಿ ಹೆತ್ಸೆನ್‌ಳ ಸಮಾಧಿಗೆ ಒಂದು ಹರದಾರಿ ಮರಳು ತುಳಿಯಬೇಕು.

ಆ ರಾಣಿಯ ಬಗ್ಗೆ ಯಾರಿಗೂ ಹೆಚ್ಚು ತಿಳಿಯದು. ತಲೆಮಾರುಗಳ ಹಿಂದೆ, ಅರಸ ಸತ್ತಾಗ ಮಗ ಇನ್ನೂ ಹಾಲುಗೂಸು. ಅವನು ದೊಡ್ಡವನಾಗುವ ತನಕ ನಾಡನ್ನು ಅವಳೇ ನಡೆಸಿದಳು. ಅಷ್ಟೇ. ಅರಸರ ಪಟ್ಟಿಯಲ್ಲಿ ಅವಳ ಹೆಸರಿಲ್ಲ.

ಮುದಿ ಪೂಜಾರಿ ನಖ್ತಿ ಮಾತ್ರ ನಲವತ್ತು ವರ್ಷಗಳಿಂದ ದಿನಾ ಬೆಳಿಗ್ಗೆ ಅಲ್ಲಿ ನೀರು ಸುರಿದು ಅವಳ ಹೆಸರು ಹೇಳುತ್ತಿದ್ದ. ಸತ್ತವರಿಗೂ ಬಾಯಾರುತ್ತದೆ ಎಂದು ಆ ನಾಡಿನವರ ನಂಬಿಕೆ.

ಶಿಷ್ಯ ಸೆನ್ಬಿ ಕೊಡ ಹೊರಲು ಬಂದು ಎರಡು ವರ್ಷವಾಗಿತ್ತು. ಅವನ ಮಗಳು ಮೆರಿತ್‌ಳನ್ನು ನೆರೆ ಎಳೆದೊಯ್ದಿತ್ತು. ದೇಹ ಸಿಗಲಿಲ್ಲ. ಸಮಾಧಿಯೇ ಇಲ್ಲದ ಮಗುವಿಗೆ ನೀರು ಎಲ್ಲಿ ಸುರಿಯುವುದು? ರಾಣಿಯ ಸೇವೆ ಮಾಡಿದರೆ ಆ ಲೋಕದಲ್ಲಿ ಅವಳಾದರೂ ಮಗಳನ್ನು ನೋಡಿಕೊಂಡಾಳು ಎಂಬ ಆಸೆ ಅವನನ್ನು ಇಲ್ಲಿಗೆ ತಂದಿತ್ತು.

ಮೂರು ದಿನ ಬಿರುಗಾಳಿ ಬೀಸಿತು. ನಾಲ್ಕನೆಯ ಬೆಳಿಗ್ಗೆ ಸೆನ್ಬಿ ಕೊಡ ಹೊತ್ತು ಗುರುವಿಗಿಂತ ಮೊದಲೇ ಹೋದ. ಸಮಾಧಿಯ ದಿಬ್ಬದ ಮರಳು ಹಾರಿಹೋಗಿ, ಅವರು ನೀರು ಸುರಿಯುತ್ತಿದ್ದ ಜಾಗದಲ್ಲಿ ಮೊಣಕೈಯುದ್ದದ ಒಂದು ಕಲ್ಲು ತಲೆಯೆತ್ತಿತ್ತು.

ಕಲ್ಲಿನ ಮೇಲಿನ ಕೆತ್ತನೆಯಲ್ಲಿ ಕಿರೀಟವಿರಲಿಲ್ಲ. ತಲೆಯ ಮೇಲೆ ಕೊಡ ಹೊತ್ತ ಒಬ್ಬ ಹೆಂಗಸು. ಕೆಳಗೆ ಬರೆದಿತ್ತು: ತೇತಿ, ರಾಣಿಯ ಊಳಿಗದವಳು.

ಹಿಂದಿನ ಕಾಲದಲ್ಲಿ ರಾಣಿಯ ಸುತ್ತ ಅವಳ ಆಳುಗಳನ್ನೂ ಹೂಳುತ್ತಿದ್ದರು. ನಲವತ್ತು ವರ್ಷದ ಹಿಂದೆ ನಖ್ತಿಗೆ ಅವನ ಗುರು ರಾಣಿಯ ಸಮಾಧಿಯೆಂದು ತೋರಿಸಿದ್ದು ಒಬ್ಬ ಆಳಿನ ಗುಂಡಿಯನ್ನು. ರಾಣಿ ಎಲ್ಲಿದ್ದಾಳೋ, ಮರಳಿಗೇ ಗೊತ್ತು.

ನಖ್ತಿ ಏದುಸಿರು ಬಿಡುತ್ತ ಬಂದಾಗ ಸೆನ್ಬಿ ಕಲ್ಲಿನ ಪಕ್ಕ ಕುಳಿತಿದ್ದ. ಎದ್ದು ನಿಲ್ಲಲಿಲ್ಲ.

ಮುದುಕ ಬಾಗಿ, ಕಣ್ಣು ಕಿರಿದು ಮಾಡಿ, ಬೆರಳಿನಿಂದ ಅಕ್ಷರಗಳನ್ನು ತಡವುತ್ತ ಓದಿದ. ಮತ್ತೊಮ್ಮೆ ಓದಿದ. ಆಮೇಲೆ ಅವನೂ ಕುಳಿತ.

"ನಲವತ್ತು ವರ್ಷ, ಗುರುಗಳೇ," ಎಂದ ಸೆನ್ಬಿ.

"ಹೂಂ. ಕಾಲು ನೋವು ಸುಮ್ಮನೆ ಬಂದಿದ್ದಲ್ಲ."

"ನಿಮಗೆ ತಮಾಷೆ. ಇಷ್ಟು ದಿನ ನನ್ನ ಮಗಳ ಮಾತನ್ನು ನಾನು ಯಾರ ಹತ್ತಿರ ಹೇಳಿಕೊಂಡೆ? ಒಬ್ಬ ಆಳಿನ ಹತ್ತಿರ. ರಾಣಿಗೆ ಒಂದು ಹನಿಯೂ ಮುಟ್ಟಲಿಲ್ಲ. ನಾಳೆಯಿಂದ ನಾನು ಬರುವುದಿಲ್ಲ."

ನಖ್ತಿ ತಲೆಯಾಡಿಸಿದ. ಕಲ್ಲಿಗೆ ಅಂಟಿದ್ದ ಮರಳನ್ನು ಅಂಗವಸ್ತ್ರದ ತುದಿಯಿಂದ ಒರೆಸಿದ.

"ರಾಣಿ ಬದುಕಿದ್ದಾಗ ಅವಳಿಗೆ ಬಾಯಾರಿದರೆ ನೀರು ತಂದುಕೊಡುತ್ತಿದ್ದವರು ಯಾರು, ಸೆನ್ಬಿ?"

ಸೆನ್ಬಿ ಕಲ್ಲಿನ ಮೇಲಿನ ಹೆಂಗಸನ್ನು ನೋಡಿದ. ಅವಳ ತಲೆಯ ಮೇಲಿನ ಕೊಡವನ್ನು ನೋಡಿದ.

"ಇವಳೇ," ಎಂದ.

ಮುದುಕ ನೀರಿನ ಕೊಡವನ್ನು ಅವನ ಕಡೆ ಸರಿಸಿದ.

"ಹಾಗಾದರೆ ನಿನ್ನ ಮಗಳ ಹೆಸರನ್ನೂ ಇವಳಿಗೆ ಹೇಳು. ನೀರು ತಲುಪಿಸುವುದು ಇವಳಿಗೆ ಗೊತ್ತು."