ಅಜ್ಜಿ ಗಿಳಿಯ ಪಾಲು

ದಾಕ್ಷಾಯಣಮ್ಮನವರ ಪಂಜರದಲ್ಲಿ ಎರಡು ಗಿಳಿಗಳಿದ್ದವು. ಒಮ್ಮೆ ಹಿರಿಯ ಗಿಳಿಗೆ ಕಾಯಿಲೆಯಾಗಿ ಕಾಳು ಸೇರದಾಯಿತು. ಆದರೂ ದಾಕ್ಷಾಯಣಮ್ಮ ಹತ್ತಿರ ಬಂದಾಗಲೆಲ್ಲ ಅದು ಮೈ ನೆಟ್ಟಗೆ ಮಾಡಿಕೊಂಡು, ನವಣೆಯ ಬಟ್ಟಲಿಗೆ ಕೊಕ್ಕು ಹಾಕಿ, ತಿಂದಂತೆ ನಟಿಸುತ್ತಿತ್ತು.

“ಒಂದು ಕಾಳೂ ನಿಮ್ಮ ಗಂಟಲಿಗೆ ಇಳಿಯಲಿಲ್ಲ. ಯಾಕಜ್ಜಿ ಈ ನಾಟಕ?” ಎಂದು ಕಿರಿಯ ಗಿಳಿ ಕೇಳಿತು.

“ನಾನು ಹುಟ್ಟಿದ್ದು ಕಾಡಿನಲ್ಲಿ. ಅಲ್ಲಿ ಗಿಡುಗ ಮೊದಲು ಹಿಡಿಯುವುದು ಸೊರಗಿದ ಹಕ್ಕಿಯನ್ನೇ. ನನ್ನ ಸ್ಥಿತಿ ಯಾರಿಗೂ ತಿಳಿಯಬಾರದು.”

“ಇಲ್ಲಿ ಗಿಡುಗವಿಲ್ಲವಲ್ಲ. ಅಮ್ಮನಿಗೆ ತಿಳಿದರೆ ಮದ್ದು ಕೊಡಿಸುತ್ತಾರೆ.”

“ನನ್ನ ಮೇಲೆ ಗೌರವವಿದ್ದರೆ ಸುಮ್ಮನಿರು. ನನ್ನ ಪಾಲನ್ನೂ ನೀನೇ ತಿಂದುಬಿಡು.”

ಹಿರಿಯರ ಮಾತು ಮೀರಲು ಕಿರಿಯ ಗಿಳಿಗೆ ಧೈರ್ಯ ಬರಲಿಲ್ಲ. ನವಣೆಯೂ ರುಚಿಯಾಗಿತ್ತು. ದಿನವೂ ಎರಡು ಬಟ್ಟಲೂ ಖಾಲಿಯಾದವು. “ಇಬ್ಬರೂ ಚೆನ್ನಾಗಿ ತಿನ್ನುತ್ತಿದ್ದೀರಿ,” ಎಂದು ದಾಕ್ಷಾಯಣಮ್ಮ ಸಂತೋಷಪಟ್ಟರು.

ನಾಲ್ಕನೆಯ ದಿನ ಬೆಳಗ್ಗೆ ಬಟ್ಟಲುಗಳು ಖಾಲಿಯಾಗುತ್ತಿದ್ದಂತೆ ಹಿರಿಯ ಗಿಳಿ ಅಡ್ಡಕೋಲಿನಿಂದ ಕೆಳಗೆ ಬಿದ್ದು ಪ್ರಾಣ ಬಿಟ್ಟಿತು. ದಾಕ್ಷಾಯಣಮ್ಮ ಅದನ್ನು ಅಂಗೈಗೆ ಎತ್ತಿಕೊಂಡು ನೋಡಿದರು. ಗರಿಯ ಕೆಳಗೆ ಬರೀ ಎಲುಬಿತ್ತು.

“ಇಷ್ಟು ತಿಂದರೂ ಹೀಗೇಕಾಯಿತು?” ಎಂದು ಅವರು ಕಣ್ಣೀರಿಟ್ಟರು.

“ಅಜ್ಜಿ ಏನೂ ತಿಂದಿಲ್ಲ, ಅಮ್ಮಾ. ಅವರ ಪಾಲನ್ನು ತಿಂದದ್ದು ನಾನು,” ಎಂದಿತು ಕಿರಿಯ ಗಿಳಿ.

ದಾಕ್ಷಾಯಣಮ್ಮ ಸತ್ತ ಗಿಳಿಯನ್ನು ಸೆರಗಿನಲ್ಲಿ ಸುತ್ತಿದರು. ಆಮೇಲೆ, “ಮೊನ್ನೆಯೇ ಹೇಳಿದ್ದರೆ ವೈದ್ಯರ ಬಳಿ ಒಯ್ಯುತ್ತಿದ್ದೆನಲ್ಲ, ಮಗೂ,” ಎಂದರು.

ಅಜ್ಜಿಯೇ ಬೇಡವೆಂದರು ಎನ್ನಲು ಗಿಳಿ ಬಾಯಿ ತೆರೆಯಿತು. ಆದರೆ ಆಗಷ್ಟೇ ತಿಂದ ಅಜ್ಜಿಯ ಕಾಳು ಇನ್ನೂ ಗಂಟಲಲ್ಲಿತ್ತು. ಗಿಳಿ ಕೊಕ್ಕು ಮುಚ್ಚಿ ತಲೆ ತಗ್ಗಿಸಿತು.