ಕೊಂಬಿನ ಬಿಲ್ಲಿನ ಬೆಲೆ

"ಕೇಳ್ರಪ್ಪೋ ಕೇಳ್ರಿ! ಅರಮನೆಯ ಹಳೇ ಬಿಲ್ಲಿನ ಬಗ್ಗೆ ರಾಜಕುಮಾರಿ ಹೊನ್ನಲದೇವಿಯವರು ಮೂರು ಒಗಟು ಕೇಳುತ್ತಾರೆ. ಬಿಡಿಸಿದವನಿಗೆ ಅವರೊಡನೆ ಮದುವೆ, ತಪ್ಪಿದವನಿಗೆ ಶೂಲ!"

ಡಂಗುರ ಕೇಳಿ, ಕೊಂಬಿನ ಬಾಚಣಿಗೆ ಮಾಡುವ ಮಾಳಿಂಗ ಅರ ಕೆಳಗಿಟ್ಟ. ರಾಜಕುಮಾರಿಯ ಆಸೆಯೇನೂ ಅವನಿಗಿರಲಿಲ್ಲ. ಆ ಬಿಲ್ಲಿನಲ್ಲಿ ಕೊಂಬು ಇದೆಯಂತೆ ಎಂದು ಯಾರೋ ಅಂದಿದ್ದರು. ಕೊಂಬನ್ನು ಹಾಗೆ ಬಗ್ಗಿಸಿದ್ದು ಹೇಗೆ ಎಂಬ ಹುಳ ತಲೆಯೊಳಗೆ ಹೊಕ್ಕಿತ್ತು. "ಬೇಡದ ಉಸಾಬರಿ ನಿನಗ್ಯಾಕೋ" ಎಂದು ತಾಯಿ ಬೈದರೂ ಹೊರಟೇಬಿಟ್ಟ.

ಸಭೆಯ ನಡುವೆ ಹೆದೆ ಬಿಚ್ಚಿದ ಬಿಲ್ಲು ಕುಡುಗೋಲಿನಂತೆ ಬಾಗಿ ಮಲಗಿತ್ತು.

"ಇದರ ಹೊಟ್ಟೆ ಯಾವುದು, ಬೆನ್ನು ಯಾವುದು?" ಎಂದಳು ಹೊನ್ನಲದೇವಿ.

"ಒಳಕ್ಕೆ ಬಾಗಿದ್ದೇ ಹೊಟ್ಟೆ. ಕೂಸಿಗೂ ಗೊತ್ತು," ಎಂದ ಸಾಮಂತನ ಮಗ. ಭಟರು ಅವನನ್ನು ಸೆರೆಗೆ ಒಯ್ದರು. ಮುಂದೆ ಬಂದ ದಂಡನಾಯಕ ಜಾಣ. ಸಾಮಂತನ ಮಗನ ಉತ್ತರವನ್ನೇ ತಿರುಗಿಸಿ ಹೇಳಿ ಗೆದ್ದ.

"ನೆಲದ ಎರಡು ಪ್ರಾಣಿಗಳನ್ನು ನೀರಿನದೊಂದು ಇದರೊಳಗೆ ಹಿಡಿದಿಟ್ಟಿದೆ. ಯಾವುವು?"

"ಆನೆ, ಕುದುರೆ... ಮೊಸಳೆ?" ಎಂದ ದಂಡನಾಯಕ. ಅವನೂ ಸೆರೆಗೆ ಹೋದ.

ಮಾಳಿಂಗ ಬಿಲ್ಲೆತ್ತಿ ಮೂಸಿ ನೋಡಿದ. "ತಾಯಿ, ಹೆದೆ ಬಿಚ್ಚಿದರೆ ಇದು ತಿರುಗುಮುರುಗಾಗಿ ಬಾಗುತ್ತದೆ. ಅದಕ್ಕೆ ಈಗ ಹೊರಗೆ ಕಾಣೋದೇ ಬಿಲ್ಲುಗಾರನ ಕಡೆ ಇರಬೇಕಾದ ಹೊಟ್ಟೆ; ಅಲ್ಲಿರೋದು ಕೋಣದ ಕೊಂಬು. ಒಳಗೆ ಬಾಗಿರೋದು ಬೆನ್ನು. ಅಲ್ಲಿರೋದು ಜಿಂಕೆಯ ನರ. ಎರಡನ್ನೂ ಮರಕ್ಕೆ ಅಂಟಿಸಿರೋದು ಮೀನಿನ ಅಂಟು."

"ಸರಿ. ನನ್ನ ಮುತ್ತಜ್ಜ ಇದರಿಂದ ಎಷ್ಟು ಶತ್ರುಗಳನ್ನು ಕೊಂದರು? ಅದನ್ನು ತಿಳಿದು ಬೆಲೆ ಹೇಳು."

ಸಾವಿರ ಎಂದು ಆಸ್ಥಾನದವರೆಲ್ಲ ಹಾಡಿದ್ದೇ ಹಾಡಿದ್ದು. ಮಾಳಿಂಗ ಬಿಲ್ಲಿನ ತುದಿಗಳ ಮೇಲೆ ಉಗುರಾಡಿಸಿದ. ಕಂಡದ್ದು ಅರ್ಥವಾದಾಗ ಅವನಿಗೆ ಭಯವಾಯಿತು.

"ಒಬ್ಬರನ್ನೂ ಇಲ್ಲ ತಾಯಿ."

ರಾಜ ಕೋಮರಸ ಧಡಕ್ಕನೆ ಎದ್ದ. "ನನ್ನಜ್ಜ ಹೇಡಿ ಅಂತೀಯಾ?"

"ಆ ಮಾತು ನನ್ನದಲ್ಲ ಬುದ್ಧಿ. ಹೆದೆ ಉಜ್ಜಿದರೆ ಕೊಂಬು ಸವೀತದೆ. ಇಲ್ಲಿ ಸವೆದೇ ಇಲ್ಲ. ಮಾರೋದಾದರೆ, ಬಳಸದ ಬಿಲ್ಲಿಗೆ ಬಳಸಿದ್ದಕ್ಕಿಂತ ಬೆಲೆ ಹೆಚ್ಚು. ಆದರೆ ಇಂಥ ಬಿಲ್ಲಿದ್ದೂ ಒಂದು ಬಾಣವನ್ನೂ ಹೂಡದೆ ರಾಜ್ಯ ಉಳಿಸಿಕೊಂಡರಲ್ಲ, ಅದಕ್ಕೆ ಬೆಲೆ ಕಟ್ಟೋಕೆ ನನಗೆ ಬರೋದಿಲ್ಲ."

ರಾಜ ಮಗಳ ಕಡೆ ನೋಡಿದ.

"ನಿಜ ಅಪ್ಪಾಜಿ. ಮುತ್ತಜ್ಜಿ ಸಾಯುವ ಮುಂಚೆ ನನಗೆ ಹೇಳಿದ್ದರು. ಮುತ್ತಜ್ಜನ ಕಾಲದಲ್ಲಿ ಒಂದು ಯುದ್ಧವೂ ಆಗಲಿಲ್ಲವಂತೆ. ನಾನು ಹೇಳಿದ್ದರೆ ನೀವು ನಂಬುತ್ತಿರಲಿಲ್ಲ."

ರಾಜ ಮೆಲ್ಲಗೆ ಕೂತ. "ಏನಪ್ಪಾ, ಮದುವೆಗೆ ಒಪ್ಪಿಗೆಯೇ?"

"ಮೊದಲು ಅವರನ್ನು ಕೇಳಿ ಬುದ್ಧಿ."

ಅದುವರೆಗೆ ಯಾರೂ ಅವಳನ್ನು ಕೇಳಿರಲಿಲ್ಲ. ಹೊನ್ನಲದೇವಿ ನಕ್ಕಳು. "ನಿಜ ಹೇಳಿದರೆ ನೀವು ಸಿಟ್ಟಾಗುತ್ತೀರಿ ಎಂದು ಇವರಿಗೆ ಗೊತ್ತಿತ್ತು ಅಪ್ಪಾಜಿ. ಆದರೂ ಹೇಳಿದರು. ನನಗೆ ಇವರೇ ಆಗಬೇಕು."

ಓಲಗ ಊದಿದರು. ಸೆರೆಯಲ್ಲಿದ್ದ ಇಬ್ಬರನ್ನೂ ಬಿಟ್ಟರು. ಅವರು ಮದುವೆಯ ಊಟ ಉಂಡೇ ಊರಿಗೆ ಹೋದರು.