ಮಸೆದ ಕೊಂಬು

ಇನ್ನು ಮೇಲೆ ಅರಸನ ಊಟಕ್ಕೆ ಕರು ಒಪ್ಪಿಸುವುದಿಲ್ಲ ಎಂದು ಕೆರೆಯ ಎಮ್ಮೆಗಳು ಹಟ ಹಿಡಿದವು. ಸಿಂಹರಾಜ ತಾನು ಹೋಗಲಿಲ್ಲ. ಗೂಳಿಗಳ ಮುಖಂಡ ಕೆಂಚನನ್ನು ಕರೆಸಿ, ತನ್ನ ಗುಹೆಯ ಬಂಡೆಗೆ ಎಲ್ಲ ಗೂಳಿಗಳ ಕೊಂಬನ್ನೂ ಮಸೆಸಿದ.

“ಎಮ್ಮೆಗಳನ್ನು ಓಡಿಸಿ. ಕೆರೆ ನಿಮ್ಮ ಜಾತಿಗೇ ಇರಲಿ. ನಾನು ಹೇಳಿದೆನೆಂದು ಎಲ್ಲೂ ಬಾಯಿ ಬಿಡಬೇಡಿ. ನಾಳೆ ನಾನೇ ಬಂದು ಗಲಾಟೆ ಮಾಡಿದವರನ್ನು ವಿಚಾರಿಸುತ್ತೇನೆ.”

ಕೆಂಚ ಹಿಗ್ಗಿ ಹೀರೇಕಾಯಿಯಾಗಿ ಗೂಳಿಗಳನ್ನು ಕಟ್ಟಿಕೊಂಡು ಕೆರೆಗೆ ನುಗ್ಗಿದ. ದಾರಿಗೆ ಅಡ್ಡ ನಿಂತವಳು ಮುದಿ ಎಮ್ಮೆ ಕಾಳವ್ವ. ಹೆತ್ತ ತಾಯಿ ಸತ್ತ ಮೇಲೆ ಕೆಂಚ ಕುಡಿದು ಬೆಳೆದದ್ದು ಇವಳ ಹಾಲು.

“ಬಾರೋ ಕೆಂಪು ಮೂತಿ. ಕೊಂಬು ಇಷ್ಟು ಚೂಪು ಯಾರು ಮಾಡಿದರೋ?”

“ಅರಸರು, ದೊಡ್ಡವ್ವ. ನೀವೆಲ್ಲ ಕೆರೆ ಬಿಡಬೇಕಂತೆ.”

“ಅವರೇ ಯಾಕೆ ಬರಲಿಲ್ಲ?”

“ನಾಳೆ ಬರ್ತಾರೆ. ಗಲಾಟೆ ಮಾಡಿದವರನ್ನು ವಿಚಾರಿಸೋದಕ್ಕೆ.”

“ಗಲಾಟೆ ಮಾಡಿದವರು ಅಂದರೆ ಯಾರಪ್ಪಾ?”

ಕೆಂಚನಿಗೆ ಉತ್ತರ ಹೊಳೆಯಿತು. ಹಿಂದಿದ್ದ ಗೂಳಿಗಳ ಚೂಪು ಕೊಂಬುಗಳನ್ನು ತಿರುಗಿ ನೋಡಿದ.

ಕಾಳವ್ವ ಅವನ ಕಿವಿ ನೆಕ್ಕಿದಳು. “ಕರುವಾಗಿದ್ದಾಗಲೂ ನಿನಗೆ ಬುದ್ಧಿ ತಡವಾಗೇ ಬರ್ತಿತ್ತು. ನೀರು ಕುಡಿ.”

ಮರುದಿನ ಸಿಂಹರಾಜ ಬಂದ. ಎಮ್ಮೆಗಳು ತಮ್ಮ ವಾಡಿಕೆಯಂತೆ ಕರುಗಳನ್ನು ನಡುವೆ ಹಾಕಿಕೊಂಡು, ಕೊಂಬು ಹೊರಗೆ ಚಾಚಿ, ಸುತ್ತುಗಟ್ಟಿ ನಿಂತಿದ್ದವು. ಆ ಸುತ್ತಿನಲ್ಲಿ ಗೂಳಿಗಳೂ ಇದ್ದವು.

“ಇಲ್ಲಿ ಗಲಾಟೆ ಮಾಡಿದವರು ಯಾರು?”

“ಯಾರೂ ಇಲ್ಲ, ಅರಸರೇ,” ಎಂದ ಕೆಂಚ. “ತಮ್ಮ ಬಂಡೆ ಮಾತ್ರ ಬಹಳ ಒಳ್ಳೆಯದು. ಕೊಂಬು ಹೇಗೆ ಮಸೆದಿದೆ, ಹತ್ತಿರ ಬಂದು ನೋಡುತ್ತೀರಾ?”